ಕಲ್ಲಿನ ನಾಲ್ಕನೇ ಸಾಲು

ಚಂದಪ್ಪ ಮಾಸ್ತರರು ಆ ಒಂದು ಮಾತು ಆಡದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹಿಂದಿನ ಸಂಜೆ ಚಾವಡಿ ಕಟ್ಟೆ ಮೇಲೆ ಕೂತು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಆರಾಮಾಗಿ ಅಂದುಬಿಟ್ಟರು.

"ನಾಳೆ ಸಾಹೇಬ್ರು ಬರ್ತಾರ್ರಿ. ನಮ್ಮ ಸಾಲಿ ಹುಡುಗ್ರು ಊರ ಇತಿಹಾಸ ಹೇಳ್ತಾವ. ಸಾಹೇಬ್ರು ಎಲ್ಲಾ ಬರಕೋತಾರ."

ಮೊದಲ ಎರಡು ಮಾತಿಗೆ ಯಾರೂ ತಲೆ ಎತ್ತಲಿಲ್ಲ. 'ಬರಕೋತಾರ' ಅಂದದ್ದೇ ತಡ, ಕಟ್ಟೆ ಮೇಲಿದ್ದವರೆಲ್ಲ ಎಲೆ ಅಡಿಕೆ ಅಗಿಯೋದು ನಿಲ್ಲಿಸಿದರು. ಯಾಕಂದರೆ ಭೀಮಾ ದಂಡೆಯ ಆ ತೆಗ್ಗೂರಲ್ಲಿ ಸರ್ಕಾರ ಬರಕೊಂಡದ್ದೇ ಖರೆ, ಉಳಿದದ್ದೆಲ್ಲ ಬರೇ ಬಾಯಿಮಾತು. ಮದುವೆಯಲ್ಲಿ ಮೊದಲ ವೀಳ್ಯ ಯಾರಿಗೆ, ಕಾರಹುಣ್ಣಿಮೆಗೆ ಕರಿ ಹರಿಯುವಾಗ ಯಾರ ಎತ್ತು ಮುಂದೆ ಓಡಬೇಕು, ಇದೆಲ್ಲ ನಿಜಾಮನ ಕಾಲದಲ್ಲಿ ಯಾವನೋ ಸಾಹೇಬ ಕುದುರೆ ಮೇಲೆ ಬಂದು ಬರಕೊಂಡು ಹೋದ ಮೇಲೆಯೇ ಗಟ್ಟಿಯಾಗಿತ್ತು. ಈಗ ಹೊಸ ಸರ್ಕಾರ, ಹೊಸ ಸಾಹೇಬ, ಹೊಸ ಕಾಗದ. ಇದು ಹುಡುಗರ ಪಾಠ ಅಲ್ಲ, ಊರಿನ ಮಾನ-ಮರ್ಯಾದೆಯ ತನಿಖೆ ಅಂತ ದೊಡ್ಡವರೆಲ್ಲ ಮನಸ್ಸಿನಲ್ಲೇ ತೀರ್ಮಾನಿಸಿಕೊಂಡು, ಒಬ್ಬೊಬ್ಬರೇ ಧೋತರ ಝಾಡಿಸಿಕೊಂಡು ಎದ್ದುಹೋದರು. ಮಾಸ್ತರರಿಗೆ ಇದರ ಸುಳಿವೇ ಹತ್ತಲಿಲ್ಲ. ಅವರು ಇನ್ನೊಂದು ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು.

ಪೊಲೀಸ್ ಆಕ್ಷನ್ ಆಗಿ ನಿಜಾಮನ ರಾಜ್ಯ ಮುಗಿದು ಮೂರು ತಿಂಗಳಾಗಿತ್ತು. ಹಗಲೊತ್ತೇ ಬಾಗಿಲಿಗೆ ಅಗಳಿ ಹಾಕಿಕೊಂಡು ಕೂಡುವ ಕೆಟ್ಟ ಕಾಲ ಹೋಗಿ, ಮಂದಿ ಮತ್ತೆ ಕಟ್ಟೆಗೆ ಬಂದು ಕೂಡಲು ಶುರು ಮಾಡಿದ್ದರು. ಅಲ್ಲಿಯತನಕ ಮಾಸ್ತರರು ಉರ್ದುವಿನಲ್ಲಿ ಏಳೂ ಮಂದಿ ನಿಜಾಮರ ಹೆಸರು ಬಾಯಿಪಾಠ ಮಾಡಿಸುತ್ತಿದ್ದರು. ಹುಡುಗರು ಅದನ್ನು ಕಲಿತು ದನ ಕಾಯಲಿಕ್ಕೆ ಹೋಗುತ್ತಿದ್ದರು. ಈಗ ಕನ್ನಡದಲ್ಲೇ ಒಂದು ಹುಕುಂ ಬಂದಿತ್ತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಮಾಸ್ತರರ ಪೈಕಿ ತಮ್ಮ ಊರಿನ ಇತಿಹಾಸವನ್ನು ಯಾರು ಎಲ್ಲರಿಗಿಂತ ಚೆನ್ನಾಗಿ ಕಲಿಸಿದ್ದಾರೋ ಅವರಿಗೆ ಬೆಳ್ಳಿ ಪದಕ, ಶಾಲು, ಊರವರ ಎದುರೇ ಸನ್ಮಾನ. ಮತ್ತು ಅವರದೊಂದು ಅರ್ಜಿ ಇದ್ದರೆ ಸಾಹೇಬರು ನಿಂತ ಜಾಗದಲ್ಲೇ ನೋಡತಕ್ಕದ್ದು.

ಮಾಸ್ತರರಿಗೆ ಪದಕವೂ ಬೇಕಿರಲಿಲ್ಲ, ಶಾಲೂ ಬೇಕಿರಲಿಲ್ಲ. ಆ ಕಡೇ ಮಾತು ಬೇಕಿತ್ತು.

ಅವರ ಹೆಂಡತಿ ಗಂಗಾಬಾಯಿ ಎರಡು ವರ್ಷದಿಂದ ಆಳಂದದ ತವರುಮನೆಯಲ್ಲಿದ್ದಳು. ಮಗಳು ತುಳಜಾ ಓದಬೇಕು, ತೆಗ್ಗೂರಲ್ಲಿ ಹುಡುಗಿಯರನ್ನು ಸಾಲಿಗೆ ಯಾರೂ ಕಳಿಸೋದಿಲ್ಲ, ಆಳಂದದಲ್ಲಿ ಕನ್ಯಾಶಾಲೆ ಅದ ಅಂತ ಹಟ ಹಿಡಿದು ಹೋದಾಕೆ, "ನೀವು ವರ್ಗ ಮಾಡಿಸ್ಕೊಂಡು ಬರ್ರಿ, ನಾ ಮಾತ್ರ ತಿರುಗಿ ಬರಂಗಿಲ್ಲ" ಅಂದಿದ್ದಳು. ತಪ್ಪೇನಿಲ್ಲ, ಮಾಸ್ತರರಿಗೂ ಮಗಳು ಓದೋದು ಬೇಕಿತ್ತು. ಆದರೆ ನಡುವೆ ಗಲಾಟೆಯ ವರ್ಷ ಬಂದು ಎಂಟು ತಿಂಗಳು ಹೆಂಡತಿ ಮಗಳ ಮುಖ ನೋಡಲಿಕ್ಕೂ ಆಗಿರಲಿಲ್ಲ. ಹನ್ನೊಂದು ಅರ್ಜಿ ಕಳಿಸಿದ್ದರು. ಹನ್ನೊಂದಕ್ಕೂ ಉತ್ತರ ಇಲ್ಲ. ಹನ್ನೆರಡನೆಯದನ್ನು ಬರೆದು, ಮಡಚಿ, ಕೋಟಿನ ಒಳಗಿನ ಜೇಬಿನಲ್ಲಿಟ್ಟುಕೊಂಡಿದ್ದರು.

ಸಾಹೇಬರು ಬರುವ ದಿನ ಬೆಳಿಗ್ಗೆ ಮಾಸ್ತರರು ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಗ ಮಾಲಿಪಾಟೀಲ ಶಿವರಾಯ ಗೌಡರು ಬಂದರು. ಮಾಸ್ತರರ ರೊಟ್ಟಿ ಎರಡು ವರ್ಷವಾದರೂ ಹದಕ್ಕೆ ಬಂದಿರಲಿಲ್ಲ. ಒಂದು ಮಗ್ಗಲು ಕರಕಲು, ಇನ್ನೊಂದು ಮಗ್ಗಲು ಹಸಿಹಿಟ್ಟು.

"ಮಾಸ್ತರ, ಆ ಅಗಸಿ ಕಲ್ಲು ಅದ ಅಲ್ಲ, ಅಕ್ಷರ ಕೆತ್ತಿದ್ದು. ಅದನ್ನ ನಮ್ಮ ಮುತ್ಯಾನ ಮುತ್ಯಾ ನಿಲ್ಲಿಸಿದ್ದು. ಸಾಹೇಬ್ರ ಮುಂದ ಹಂಗೇ ಹೇಳಬೇಕು."

"ಗೌಡ್ರ, ಅದು ಎಂಟುನೂರು ವರ್ಷದ ಹಿಂದಿಂದ್ರಿ."

"ನಮ್ಮ ಮುತ್ಯಾ ಬಾಳ ದಿನ ಬಾಳಿದ್ದನಪಾ," ಅಂದರು ಗೌಡರು ಶಾಂತವಾಗಿ. "ನನ್ನ ಮೊಮ್ಮಗ ನಿಮ್ಮ ಸಾಲ್ಯಾಗೇ ಇದ್ದಾನ. ರಾತ್ರಿ ಕುಂದ್ರಿಸಿ ಕಲಿಸೇನಿ. ಅವನ್ನ ಎಬ್ಬಿಸಿ ಕೇಳ್ರಿ. ತಿಳೀತಿಲ್ಲೋ?"

ಗೌಡರು ಮನಸ್ಸು ಮಾಡಿದರೆ ಸಾಹೇಬರ ಮುಂದೆ ನಾಲ್ಕು ಒಳ್ಳೆ ಮಾತು ಆಡಬಲ್ಲರು, ಮಾಡದಿದ್ದರೆ ನಾಲ್ಕು ಕೆಟ್ಟ ಮಾತನ್ನೂ ಆಡಬಲ್ಲರು. ಗೂಟಕ್ಕೆ ನೇತುಹಾಕಿದ್ದ ಕೋಟಿನ ಜೇಬು ಮುಟ್ಟಿ ನೋಡಿಕೊಂಡು ಮಾಸ್ತರರು "ಆಗಲ್ರಿ" ಅಂದರು.

ಗೌಡರು ಓಣಿ ತಿರುವಿನಲ್ಲಿ ಮರೆಯಾಗಿರಲಿಲ್ಲ, ಕುಲಕರ್ಣಿ ಹಣಮಂತ್ರಾಯರು ಹಿತ್ತಲ ಬಾಗಿಲಿಂದ ಬಂದರು.

"ಗೌಡ ಏನಂದಾ? ಕಲ್ಲು ನಿಲ್ಲಿಸಿದ್ದು ಅವರ ಮುತ್ಯಾ ಅಂದಿರಬೇಕು. ಅನ್ನಲಿ ಬಿಡ್ರಿ. ಕಲ್ಲನ್ನ ಎತ್ತಂದ್ರ ಎತ್ತೂ ಎತ್ತತಾವ. ಬರದವರು ಯಾರು? ಈ ಊರಾಗ ನಮ್ಮ ಮನೀ ಬಿಟ್ರ ಮತ್ಯಾರಿಗೆ ಬರಿಲಿಕ್ಕೆ ಬರ್ತಿತ್ತು, ನೀವೇ ಹೇಳ್ರಿ."

"ಕೆತ್ತಿದವನ ಹೆಸರು ಕಲ್ಲಿನ್ಯಾಗ ಇಲ್ರಿ ರಾಯರ."

"ದೊಡ್ಡವರು ಹೆಸರು ಹಾಕ್ಕೊಳ್ಳಂಗಿಲ್ಲ. ಅದೇ ಸಾಕ್ಷಿ. ನಮ್ಮ ಹುಡುಗನ್ನ ಕೇಳ್ರಿ, ಒದರ್ತಾನ."

ಹಣಮಂತ್ರಾಯರು ಊರಿನ ದಫ್ತರ ಇಟ್ಟವರು. ಸಾಹೇಬರು ಏನಾದರೂ ಕಾಗದ ಕೇಳಿದರೆ ಕೊಡೋರು ಅವರೇ. ಮಾಸ್ತರರು ಅವರಿಗೂ "ಆಗಲ್ರಿ" ಅಂದರು. ಹಂಚಿನ ಮೇಲಿದ್ದ ರೊಟ್ಟಿ ಅಷ್ಟರಲ್ಲಿ ಹೊಗೆ ಬಿಡುತ್ತಿತ್ತು.

ಹೊಗೆಯ ನಡುವೆಯೇ ಸುಭದ್ರಾಬಾಯಿ ಬಂದಳು. ಗಂಡ ಸತ್ತು ಇಪ್ಪತ್ತು ವರ್ಷವಾದರೂ ನಲವತ್ತು ಎಕರೆ ಹೊಲ ತಾನೇ ನಿಂತು ಮಾಡಿಸುವ ಗಟ್ಟಿ ಹೆಂಗಸು. ಅವಳ ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿಯಿತ್ತು.

"ಇದೇನಪಾ ತಮ್ಮ, ರೊಟ್ಟಿನೋ ಚಪ್ಪಲಿ ಅಟ್ಟಿನೋ? ತಗಿ ಅದನ್ನ. ಇವು ತಿನ್ನು."

ಬುಟ್ಟಿಯಲ್ಲಿ ನಾಲ್ಕು ಬಿಸಿ ರೊಟ್ಟಿ, ಬದನೇಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ಮಾಸ್ತರರು ಎರಡನೇ ರೊಟ್ಟಿಯಲ್ಲಿದ್ದಾಗ ಸುಭದ್ರಾಬಾಯಿ ಮಾತು ತೆಗೆದಳು.

"ಕಲ್ಲಿನ್ಯಾಗ ಹೆಣ್ಣಿನ ಹೆಸರು ಅದ ಅಂತ ಸಾಲಿಗೆ ಬರೋ ನನ್ನ ಮೊಮ್ಮಗ ಹೇಳಾಕತ್ತಾನ. ಬಿಜ್ಜವ್ವ. ಈ ಊರಾಗ ಹೆಂಗಸಿನ ಹೆಸರಿಲೆ ಜಮೀನು ಇದ್ದದ್ದು ನಮ್ಮ ಮನ್ಯಾಗ ಅಷ್ಟೇ. ಅಂದ್ರ ಅಕಿ ನಮ್ಮಾಕಿನೇ ಅಲ್ಲೇನು?"

ತಿಂದ ಬಾಯಲ್ಲಿ ಇಲ್ಲ ಅನ್ನೋದು ಹ್ಯಾಂಗ? ಮಾಸ್ತರರು ಅವಳಿಗೂ "ಆಗಲ್ರಿ" ಅಂತ ಗೋಣು ಹಾಕಿದರು.

ಈಗ ಆ ಕಲ್ಲಿನ ಕತೆ ಹೇಳಿಬಿಡಬೇಕು. ಊರ ಬಾಗಿಲು ಅಗಸಿಯ ಬಾಜೂಕೆ ನಿಂತ ಆಳೆತ್ತರದ ಕರಿಕಲ್ಲು. ಅದರ ಮೇಲೆ ನಾಲ್ಕು ಸಾಲು. ಮಾಸ್ತರರು ಬಂದ ಹೊಸದರಲ್ಲಿ ಊರವರು ಅದಕ್ಕೆ ದನ ಕಟ್ಟುತ್ತಿದ್ದರು. ಮಾಸ್ತರರಿಗೆ ಅದರ ಹುಚ್ಚು ಹಿಡಿಯಿತು. ಹಳೇ ಅಕ್ಷರ ಓದಲು ಒಬ್ಬ ಶಾಸ್ತ್ರಿಗಳ ಹತ್ತಿರ ಎರಡು ಬೇಸಿಗೆ ರಜೆ ಕೂತು ಕಲಿತರು. ನಿಜಾಮರ ಹೆಸರು ಒದರಿಸಿ ಸಾಲಿ ಬಿಟ್ಟ ಮೇಲೆ, ಯಾರೂ ಹೇಳದಿದ್ದರೂ, ಹುಡುಗರನ್ನು ಅಲ್ಲಿಗೆ ಕರಕೊಂಡು ಹೋಗಿ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿ ತೋರಿಸುತ್ತಿದ್ದರು. ಬಿಜ್ಜವ್ವೆ ಎಂಬ ಹೂಗಾರ ಹೆಂಗಸು ಹುಡುಗರಿಗೆ ಓದು ಕಲಿಸುವ ಉಪಾಧ್ಯಾಯನಿಗೆ ಒಂದು ತೋಟ ಬಿಟ್ಟುಕೊಟ್ಟಳು. ಇದು ಮೂರು ಸಾಲಿನ ಸಾರ. ಹೂ ಮಾರುವಾಕೆ ಓದಿಗೆ ತೋಟ ಕೊಟ್ಟಳಲ್ಲ ಅಂತ ಹೇಳುವಾಗ ಮಾಸ್ತರರು ಪ್ರತಿ ಸಲವೂ ಆ ಹೆಸರಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸುತ್ತಿದ್ದರು.

ತೋಟ ಯಾವುದು ಅನ್ನೋದನ್ನು ಮಾತ್ರ ಅವರು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಎರಡನೇ ಸಾಲಿನಲ್ಲಿ 'ಕೆರೆಯ ಪಡುವಲ ತೋಂಟ' ಅಂತ ಇತ್ತು, ಹುಡುಗರು ಅದನ್ನು ಅರ್ಥ ಕೇಳದೆ ಒದರುತ್ತಿದ್ದರು. ಕೆರೆಯ ಪಶ್ಚಿಮಕ್ಕಿದ್ದ ಆ ತೋಟದ ಒಂದು ತುಂಡು ಗೌಡರದು, ಒಂದು ತುಂಡು ಕುಲಕರ್ಣಿಯವರದು, ಉಳಿದದ್ದು ಸುಭದ್ರಾಬಾಯಿಯದು. ಹೆಂಡತಿ ಮಕ್ಕಳಿದ್ದ ಮನುಷ್ಯ, ಅಂಥದ್ದನ್ನು ಬಾಯಿಬಿಟ್ಟು ಹೇಳ್ತಾನೇನು?

ಇನ್ನು ನಾಲ್ಕನೇ ಸಾಲು. ಅದು ಸವೆದುಹೋಗಿತ್ತು. ನಡುವೆ 'ಆಚಂದ್ರಾರ್ಕ', ಅಂದರೆ ಚಂದ್ರ ಸೂರ್ಯ ಇರೋ ತನಕ, ಅನ್ನೋ ಒಂದು ಮಾತು ಬಿಟ್ಟರೆ ಉಳಿದದ್ದು ಕಾಣುತ್ತಿರಲಿಲ್ಲ. ಆರು ವರ್ಷದಿಂದ ಆ ಸಾಲು ಮಾಸ್ತರರ ನಿದ್ದೆ ಕೆಡಿಸಿತ್ತು. ಹಿಟ್ಟು ಹಚ್ಚಿ ನೋಡಿದರು, ಇದ್ದಲಿ ತಿಕ್ಕಿ ನೋಡಿದರು. ಕಲ್ಲು ಬಾಯಿ ಬಿಡಲಿಲ್ಲ.

"ಈ ಮೂರೂ ಮನೀ ಹುಡುಗ್ರನ್ನ ಹಿಂದ ಕುಂದ್ರಿಸ್ತೇನಿ," ಅಂತ ಮಾಸ್ತರರು ಕೋಟು ಹಾಕಿಕೊಳ್ಳುತ್ತಾ ಲೆಕ್ಕ ಹಾಕಿದರು. "ಕುರುಬರ ಅಮೋಘಸಿದ್ದನ್ನ ಮುಂದ ನಿಲ್ಲಿಸ್ತೇನಿ. ಅವ ಖರೇದ್ದು ಹೇಳ್ತಾನ. ಸಾಹೇಬ್ರು ಕಲ್ಲು ನೋಡ್ತಾರ. ಮುಗೀತು."

ಆಗ ಸಾಲಿಯ ಚಪರಾಸಿ ಯಾಕೂಬಸಾಬ ಓಡಿಬಂದ. ಅರವತ್ತು ದಾಟಿದವ, ಓಡೋದೇ ಅಪರೂಪ.

"ಮಾಸ್ತರ, ಕಲ್ಲು ಹೋಯ್ತು!"

"ಎಲ್ಲಿ ಹೋಯ್ತು ಚಾಚಾ?"

"ಅಲ್ಲೇ ಅದರಿ. ಆದ್ರ ಕಾಣವಲ್ದು."

ಮಾಸ್ತರರು ಕೋಟಿನ ಗುಂಡಿ ಹಾಕದೆಯೇ ಅಗಸಿಗೆ ಓಡಿದರು. ದೊಡ್ಡ ಸಾಹೇಬರು ನೋಡುವ ಕಲ್ಲು, ಮೈಲಿಗೆ ಇರಬಾರದು ಅಂತ ಗೌಡರು ಬೆಳಗಾಗುತ್ತಲೇ ಆಳು ಹಚ್ಚಿ ಅದಕ್ಕೆ ತಲೆಯಿಂದ ಬುಡದವರೆಗೆ ಸುಣ್ಣ ಬಳಿಸಿದ್ದರು. ಬರೆದ ಕಲ್ಲಿಗೆ ಪೂಜೆ ಆಗಬೇಕು ಅಂತ ಕುಲಕರ್ಣಿಯವರು ಸುಣ್ಣದ ಮೇಲೆ ಎಣ್ಣೆ ಹೊಯ್ದು ಕುಂಕುಮ ಮೆತ್ತಿದ್ದರು. ತಮ್ಮ ಮನೆತನದ ಹೆಣ್ಣುಮಗಳು ಬರೇ ಮೈಲೆ ನಿಲ್ಲಬಾರದು ಅಂತ ಸುಭದ್ರಾಬಾಯಿ ಹಸಿರು ಸೀರೆ ಉಡಿಸಿ, ಖಣ ಹೊದಿಸಿ, ಬಳೆ ಏರಿಸಿ ಉಡಿ ತುಂಬಿದ್ದಳು. ಎಂಟುನೂರು ವರ್ಷ ಕಲ್ಲಾಗಿ ನಿಂತದ್ದು ಎರಡು ತಾಸಿನಲ್ಲಿ ದೇವಿಯಾಗಿತ್ತು. ಆಗಲೇ ಇಬ್ಬರು ಹೆಂಗಸರು ಕಾಯಿ ಹಿಡಿದು ಪಾಳಿಯಲ್ಲಿ ನಿಂತಿದ್ದರು.

ಮಾಸ್ತರರು ಸೀರೆಯ ಸೆರಗಿಗೆ ಕೈ ಹಾಕಿದ್ದೇ ತಡ, ಒಬ್ಬಾಕೆ ಚೀರಿದಳು. "ಅಯ್ಯಯ್ಯ! ಮಾಸ್ತರ ಆಗಿ ದೇವೀ ಸೀರಿಗೆ ಕೈ ಹಾಕ್ತೀರಲ್ರಿ, ನಾಚಿಗೇನೂ ಇಲ್ಲೇನು?"

ಮಾಸ್ತರರು ಕೈ ಸುಟ್ಟವರ ಹಾಗೆ ಹಿಂದೆ ಸರಿದರು. ಅಷ್ಟರಲ್ಲಿ ಧೂಳೆಬ್ಬಿಸುತ್ತಾ ಜೀಪು ಬಂದೇಬಿಟ್ಟಿತು.

ವಿದ್ಯಾ ಇಲಾಖೆಯ ಆ ಸಾಹೇಬರು ಧಾರವಾಡದ ಕಡೆಯವರು, ದುಂಡುಮುಖದ ನಗೆಗಾರ ಮನುಷ್ಯ. ಹಿಂದೆ ಒಬ್ಬ ಕಾರಕೂನ. ಅವನ ಬಗಲಲ್ಲಿ ಕೆಂಪು ರಟ್ಟಿನ ದೊಡ್ಡ ವಹಿ. ಊರಿನವರ ಕಣ್ಣು ಸಾಹೇಬರ ಮುಖದ ಮೇಲೆ ಇರಲಿಲ್ಲ, ಆ ವಹಿಯ ಮೇಲಿತ್ತು.

"ಮಾಸ್ತರ, ನಿಮ್ಮದೇ ಕಡೀ ಸಾಲಿ," ಅಂದರು ಸಾಹೇಬರು. "ಮೂರು ತಾಲ್ಲೂಕು ತಿರುಗಿ ಸಾಕಾಯ್ತು. ಬೆಳಿಗ್ಗೆ ಬಾಜೂ ಊರಿಗೆ ಹೋಗಿದ್ದೆ. ಅಲ್ಲಿ ಮಾಸ್ತರ ಹೆಸರು ಏನು… ಹಾಂ, ದೇವಿಂದ್ರಪ್ಪ. ಕುರ್ಚಿ ಮೇಲೆ ಮಲಗಿದ್ದ. ನಿಮ್ಮ ಊರಿನ ಇತಿಹಾಸ ಏನಪಾ ಅಂದ್ರ, ನಮ್ಮ ಊರಾಗ ಏನೂ ಆಗಿಲ್ರಿ ಅಂದಾ! ಇರಲಿ. ನೀವು ಕಾಗದದಾಗ ಬರದು ಕಳಿಸಿದ ಕಲ್ಲು ಎಲ್ಲಿ?"

ಮಾಸ್ತರರು ಕೈ ಮಾಡಿ ತೋರಿಸಿದರು. ಸಾಹೇಬರು ನೋಡಿದರು. ಬೂಟು ಬಿಚ್ಚಿದರು. ಕೈ ಮುಗಿದು, "ಆಮೇಲೆ ಕಲ್ಲು ತೋರಿಸ್ರಿ" ಅಂದರು.

"ಅದೇ ಕಲ್ರಿ ಸಾಹೇಬ್ರ."

ಸಾಹೇಬರ ನಗೆ ಸ್ವಲ್ಪ ಕಮ್ಮಿಯಾಯಿತು. "ಹುಡುಗ್ರನ್ನಾದರೂ ಕೇಳೋಣ," ಅಂದರು.

ಯಾಕೂಬಸಾಬ ಕಲ್ಲಿನ ಮುಂದೆ ತಂದು ಕೂಡಿಸಿದ್ದ ಹುಡುಗರಲ್ಲಿ ಅಮೋಘಸಿದ್ದ ಎದ್ದು ನಿಲ್ಲುವುದರೊಳಗೆ ಗೌಡರು ಕೆಮ್ಮಿದರು. ಅವರ ಮೊಮ್ಮಗ ಚಂಗನೆ ಎದ್ದ. "ಈ ಕಲ್ಲು ನಮ್ಮ ಮುತ್ಯಾನ ಮುತ್ಯಾ ನಿಲ್ಲಿಸ್ಯಾನ್ರಿ!" ಕುಲಕರ್ಣಿ ಮನೆಯ ಹುಡುಗ ಅವನ ಅಂಗಿ ಜಗ್ಗಿ ಕೂಡಿಸಿ, "ಬರದವರು ನಮ್ಮವರ್ರಿ!" ಅಂತ ಕೂಗಿದ. ಸುಭದ್ರಾಬಾಯಿಯ ಮೊಮ್ಮಗ ಇಬ್ಬರ ಬೆನ್ನ ಮೇಲೂ ಹತ್ತಿ, "ಬಿಜ್ಜವ್ವ ನಮ್ಮಾಯಿರಿ!" ಅಂದ.

"ಬರಕೋರಿ, ಬರಕೋರಿ!" ಅಂತ ಗೌಡರು ಕಾರಕೂನನಿಗೆ ಹೇಳಿದರು. "ಏ, ಅದನ್ನ ಹೊಡದು ಹಾಕ್ರಿ, ಸುಳ್ಳದು!" ಅಂದರು ಹಣಮಂತ್ರಾಯರು. "ಮಾಸ್ತರ ಬೆಳಿಗ್ಗೆ ನಂಗ ಆಗಲಿ ಅಂದಾನ!" ಅಂದಳು ಸುಭದ್ರಾಬಾಯಿ. "ನಂಗೂ ಅಂದಾನಲ್ಲ!" "ನಂಗೂ!"

ಮೂರೂ ಮಂದಿ ತಿರುಗಿ ಮಾಸ್ತರರನ್ನು ನೋಡಿದರು. ಊರಿನ ಮಂದಿ ಮೂರು ಪಾಲಾಗಿ ತೋಳು ಏರಿಸಿತು. ಒಬ್ಬ ಇನ್ನೊಬ್ಬನ ರುಮಾಲು ಕಿತ್ತ. ಕಾರಕೂನ ವಹಿಯನ್ನು ಎದೆಗವಚಿಕೊಂಡು ಜೀಪಿನ ಹಿಂದೆ ಸೇರಿದ. ಮಾಸ್ತರರು ಕೋಟಿನ ಜೇಬಿನ ಮೇಲೆ ಕೈ ಒತ್ತಿಕೊಂಡರು. ಪದಕ ಹೋಯಿತು, ಆಳಂದ ಹೋಯಿತು, ತುಳಜಾ ನಾಲ್ಕನೇ ಇಯತ್ತೆ ಪಾಸಾಗೋದನ್ನೂ ಪತ್ರದಲ್ಲೇ ಓದಬೇಕು. ಎಲ್ಲರಿಗೂ ಹೂಂ ಅನ್ನುವ ಈ ನಾಲಿಗೆಯನ್ನು ಕಡಿದು ಭೀಮೆಗೆ ಎಸೆಯಬೇಕು ಅನಿಸಿತು.

"ಸಾಕು!" ಸಾಹೇಬರು ಗುಡುಗಿದರು. ಕಿತ್ತ ರುಮಾಲು ಕೆಳಗೆ ಬಿತ್ತು. "ಯಾರ ಮಾತೂ ಬ್ಯಾಡ. ಕಲ್ಲನ್ನೇ ಕೇಳೋಣ. ತೊಳೀರಿ ಅದನ್ನ."

ಯಾರೂ ಮುಂದೆ ಬರಲಿಲ್ಲ. ಸುಭದ್ರಾಬಾಯಿ ಮಾತ್ರ, ಸೀರೆ ತೊಯ್ದು ಹಾಳಾದೀತು ಅಂತ, ಕೈಮುಗಿದು ತಾನೇ ಬಿಚ್ಚಿಕೊಂಡಳು. ಯಾಕೂಬಸಾಬ ಕೊಡ ಎತ್ತಿಕೊಂಡ. "ಈ ಊರಾಗ ನಂಗ ಯಾವ ವೀಳ್ಯಾನೂ ಇಲ್ರಿ, ಮೊದಲಿಂದೂ ಇಲ್ಲ, ಕಡೀದೂ ಇಲ್ಲ. ನಾ ತೊಳೀತೇನಿ" ಅಂದ.

ಎರಡು ಕೊಡ ನೀರು ಹೊಯ್ದು ಗೋಣಿತಟ್ಟಿನಿಂದ ತಿಕ್ಕಿದ. ಎಣ್ಣೆ ಕುಂಕುಮ ಹರಿದುಹೋದವು. ಮೇಲಿನ ಸುಣ್ಣವೂ ಹೋಯಿತು. ಆದರೆ ಅಕ್ಷರದ ತೆಗ್ಗಿನಲ್ಲಿ ಇಳಿದ ಸುಣ್ಣ ಅಲ್ಲೇ ಕೂತಿತ್ತು. ಕರಿಕಲ್ಲಿನ ಮೇಲೆ ನಾಲ್ಕೂ ಸಾಲು, ಪಾಟಿಯ ಮೇಲೆ ಬಳಪದಿಂದ ಈಗ ಬರೆದ ಹಾಗೆ, ಬೆಳ್ಳಗೆ ಎದ್ದು ನಿಂತವು.

ನಾಲ್ಕೂ ಸಾಲು! ಮಾಸ್ತರರಿಗೆ ಸಾಹೇಬರು ಮರೆತುಹೋದರು. ಗೌಡರು ಮರೆತುಹೋದರು. ಬಹುಮಾನ, ಅರ್ಜಿ ಎಲ್ಲ ಮರೆತುಹೋಯಿತು. ಆರು ವರ್ಷ ಮುಚ್ಚಿದ್ದ ಸಾಲು ಬಾಯಿ ಬಿಟ್ಟಿತ್ತು. ಮಳ್ಳು ಹಿಡಿದವರ ಹಾಗೆ ಹೋಗಿ ಕೆಸರಲ್ಲೇ ಮೊಣಕಾಲೂರಿ, ಹುಡುಗರನ್ನೆಲ್ಲ ಕೈ ಬೀಸಿ ಕರೆದು, ಬೆರಳು ಇಟ್ಟು, ದನಿ ಎತ್ತಿ ಓದತೊಡಗಿದರು.

"ತೆಗ್ಗೂರ ಹೂಗಾರ ಬಿಜ್ಜವ್ವೆ… ಕೆರೆಯ ಪಡುವಲ ತೋಂಟಮಂ… ಬಾಲಶಿಕ್ಷೆಯ ಉಪಾಧ್ಯಾಯರ್ಗೆ ಕೊಟ್ಟಳ್…"

ಹುಡುಗರು ಒಂದೇ ದನಿಯಲ್ಲಿ ಹೇಳಿದರು. ಅಮೋಘಸಿದ್ದನ ದನಿ ಎಲ್ಲಕ್ಕಿಂತ ಮೇಲಿತ್ತು. ಗೌಡರ ಮೊಮ್ಮಗನೂ ರಾತ್ರಿ ಕಲಿತದ್ದನ್ನು ಮರೆತು ಇದನ್ನೇ ಹೇಳಿದ. ಆಮೇಲೆ ಮಾಸ್ತರರ ಬೆರಳು ಕೆಳಗಿನ ಸಾಲಿಗೆ ಬಂತು. ಕಣ್ಣಲ್ಲಿ ನೀರು ತುಂಬಿತ್ತು. ಒಂದೊಂದೇ ಅಕ್ಷರ ಬಿಡಿಸುತ್ತಾ ಓದಿದರು.

"ಆ ಉಪಾಧ್ಯಾಯರುಂ… ಈ ಊರಂ ಬಿಡದೆ… ಆಚಂದ್ರಾರ್ಕಂ… ಇಲ್ಲಿಯೇ ಇರ್ಪುದು."

ಸಾಹೇಬರೂ ಪಕ್ಕಕ್ಕೆ ಬಂದು ಕೂತಿದ್ದರು. ಅವರಿಗೂ ಹಳೇ ಅಕ್ಷರದ ಗೀಳಿತ್ತು. "ಭಲೆ ಮಾಸ್ತರ, ಭಲೆ!" ಅಂತ ಬೆನ್ನು ಚಪ್ಪರಿಸಿದರು. ಆಮೇಲೆ ಎದ್ದು ಊರವರ ಕಡೆ ತಿರುಗಿದರು. "ಕೆರೆ ಪಡುವಲ ಅಂದ್ರ ಪಶ್ಚಿಮಕ್ಕ. ಆ ತೋಟ ಈಗ ಯಾರ ಕಡೆ ಅದ?"

ಮೂವರು ದೊಡ್ಡವರೂ ಕೆರೆ ಕಡೆ ಬೆನ್ನು ತಿರುಗಿಸಿ ನಿಂತರು.

"ಕಲ್ಲು ನಿಲ್ಲಿಸಿದ ಮನೆತನ ಯಾವುದೋ, ಅವರಿಗಾದರೂ ಗೊತ್ತಿರಬೇಕಲ್ಲ?"

"ಯಾವ ಕಲ್ರಿ?" ಅಂದರು ಗೌಡರು. "ನಮ್ಮ ಮುತ್ಯಾ ಬಾಳ ಬಡವ ಇದ್ದನ್ರಿ. ಕಲ್ಲು ಗಿಲ್ಲು ನಿಲ್ಲಿಸೋ ತಾಕತ್ತು ಎಲ್ಲಿಂದ?"

"ನಮ್ಮವರಿಗೆ ಆಗ ಅಕ್ಷರಾನೇ ಬರ್ತಿರಲಿಲ್ರಿ," ಅಂದರು ಹಣಮಂತ್ರಾಯರು.

"ಬಿಜ್ಜವ್ವ ಯಾರ ಪೈಕಿನೋ ಏನೋ," ಅಂತ ಸುಭದ್ರಾಬಾಯಿ ಹಸಿ ಸೀರೆ ಹಿಂಡತೊಡಗಿದಳು. "ಹೂಗಾರರು ಅಂತ ಬರದದಲ್ರಿ."

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. "ಮೂರು ತಾಲ್ಲೂಕು ತಿರುಗೇನಿ. ಎಲ್ಲಾ ಕಡೆ ಹುಡುಗ್ರು ಗಿಳಿಪಾಠ ಒಪ್ಪಿಸಿದವು, ಊರಿನವರು ಆಕಳಿಸಿದ್ರು. ಇತಿಹಾಸಕ್ಕಾಗಿ ಊರಿಗೆ ಊರೇ ರುಮಾಲು ಕಿತ್ತಾಡಿದ್ದು ಇಲ್ಲಿ ಮಾತ್ರ. ಕಲ್ಲು ಬಾಯಿ ಬಿಟ್ಟಾಗ ಕಣ್ಣೀರು ಹಾಕಿದ ಮಾಸ್ತರನ್ನೂ ಇಲ್ಲೇ ನೋಡಿದೆ. ಕಾರಕೂನ, ಪದಕ ತಗೊಂಬಾ!"

ಪದಕ ಬಂತು. ಶಾಲು ಬಂತು. ಕೆಸರು ಮೆತ್ತಿದ ಕೋಟಿನ ಮೇಲೆ ಶಾಲು ಹೊದಿಸಿದರು. ಇಡೀ ಊರು ಚಪ್ಪಾಳೆ ತಟ್ಟಿತು. ತೋಟದ ಮಾತು ಮರೆಯಾಯಿತೆಂದು ಗೌಡರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಮಾಸ್ತರರ ಎದೆ ಉಬ್ಬಿ ಬಂತು. ಹನ್ನೊಂದು ವರ್ಷದ ನೌಕರಿಯಲ್ಲಿ ಅಷ್ಟು ಸಂತೋಷ ಅವರಿಗೆ ಎಂದೂ ಆಗಿರಲಿಲ್ಲ. ಒಳಜೇಬಿನಿಂದ ಹನ್ನೆರಡನೇ ಅರ್ಜಿ ತೆಗೆದು ಎರಡೂ ಕೈಯಿಂದ ಸಾಹೇಬರಿಗೆ ಕೊಟ್ಟರು.

ಸಾಹೇಬರು ಓದಿದರು. ಕಲ್ಲು ನೋಡಿದರು. ಮತ್ತೆ ಅರ್ಜಿ ನೋಡಿದರು.

"ಆಳಂದಕ್ಕ ವರ್ಗ?"

"ಹೌದ್ರಿ. ಮೆಹರಬಾನಿ ಆಗಬೇಕು."

"ಮಾಸ್ತರ, ಈಗ ತಾನೇ ನೀವೇ ಓದಿದ್ರಲ್ಲ."

"ಏನ್ರಿ?"

"ಉಪಾಧ್ಯಾಯ ಊರು ಬಿಡಬಾರದು ಅಂತ. ಎಂಟುನೂರು ವರ್ಷದ ಹಿಂದ ಒಬ್ಬಾಕಿ ಹೂವು ಮಾರಿ ಈ ಊರಿಗೆ ಒಬ್ಬ ಮಾಸ್ತರ ಇರಲಿ ಅಂತ ಕಲ್ಲಿನ್ಯಾಗ ಬರೆಸ್ಯಾಳ. ನಾ ಅದನ್ನ ಮುರೀಲೇನು? ಈ ಊರಿನ ಇತಿಹಾಸ ಗೊತ್ತಿರೋದು ನಿಮಗೊಬ್ಬರಿಗೆ. ನಿಮ್ಮನ್ನ ಆಳಂದಕ್ಕ ಕಳಿಸಿದ್ರ ಅಲ್ಲಿ ಯಾವ ಕಲ್ಲು ಓದ್ತೀರಿ?"

"ಸಾಹೇಬ್ರ, ಹಂಗಂದ್ರ…" ಮಾಸ್ತರರು ಕಲ್ಲಿನ ಕಡೆ ಬೆರಳು ಮಾಡಿದರು. "ಹಂಗಂದ್ರ ಎರಡನೇ ಸಾಲು? ತೋಟ?"

"ಜಮೀನಿನ ಮಾತು ಕಂದಾಯ ಇಲಾಖೆಗೆ ಸೇರಿದ್ದು. ನಾ ಬರದು ಕಳಿಸ್ತೇನಿ, ಅವರು ಯಾವಾಗ ನೋಡ್ತಾರೋ ಶಿವನೇ ಬಲ್ಲ. ನಾಲ್ಕನೇ ಸಾಲು ಮಾತ್ರ ನಮ್ಮ ಇಲಾಖೇದು. ಅದನ್ನ ನಾ ಇವತ್ತೇ ಜಾರಿ ಮಾಡ್ತೇನಿ."

"ನನ್ನ ಹೆಣ್ತಿ, ಮಗಳು ಅಲ್ಲಿದ್ದಾರ್ರಿ. ಇಲ್ಲಿ ಕನ್ಯಾಶಾಲೆ ಇಲ್ರಿ…"

"ಇಂಥಾ ಮಾಸ್ತರ ಇದ್ದಾಗ ಕನ್ಯಾಶಾಲೆ ಯಾಕ ಬೇಕ್ರಿ? ಕರೆಸ್ಕೋರಿ."

ಕರೆಸಿಕೊಳ್ಳಬೇಕಂತೆ! ಗಂಗಾಬಾಯಿಯನ್ನು ಬಲ್ಲವರು ಆ ಮಾತು ಆಡೋದಿಲ್ಲ. ಮಾಸ್ತರರು ದಿಕ್ಕುಗಾಣದೆ ಊರಿನ ದೊಡ್ಡವರ ಕಡೆ ನೋಡಿದರು. ಬೆಳಗಿನಿಂದ ಮೂರು ದಿಕ್ಕಿಗೆ ಮುಖ ಮಾಡಿದ್ದ ಆ ಮೂವರು ಆಗಲೇ ಒಂದು ಕಡೆ ಸೇರಿ ಪಿಸುಗುಟ್ಟುತ್ತಿದ್ದರು. ಎರಡನೇ ಸಾಲು ಬಲ್ಲ ಮನುಷ್ಯ ಊರಲ್ಲಿ ಕಣ್ಣ ಮುಂದೆ ಇರೋದು ಒಳ್ಳೆಯದೋ, ಪಟ್ಟಣಕ್ಕೆ ಹೋಗಿ ಕಚೇರಿ ಬಾಜೂಕೆ ಮನೆ ಮಾಡೋದು ಒಳ್ಳೆಯದೋ?

"ಮಾಸ್ತರ ಇಲ್ಲೇ ಇರಬೇಕ್ರಿ!" ಅಂದರು ಗೌಡರು. "ನಮ್ಮ ಜೀವ ಇದ್ದಂಗ ಅವರು," ಅಂದರು ಹಣಮಂತ್ರಾಯರು. "ರೊಟ್ಟಿ ನಾ ಕಳಿಸ್ತೇನಿ," ಅಂದಳು ಸುಭದ್ರಾಬಾಯಿ. ಹತ್ತು ನಿಮಿಷದಲ್ಲಿ ಮಹಜರು ತಯಾರಾಯಿತು. ಊರಿನ ಇತಿಹಾಸದಲ್ಲೇ ಮೊದಲ ಸಲ ಮೂವರೂ ಒಂದೇ ಕಾಗದಕ್ಕೆ ಸಹಿ ಮಾಡಿದರು. ಯಾರದು ಮೊದಲು ಅಂತ ಯಾರೂ ಕೇಳಲಿಲ್ಲ.

ಸಾಹೇಬರು ಹೇಳಿದರು. ಕಾರಕೂನ ಕೆಂಪು ರಟ್ಟಿನ ವಹಿ ತೆಗೆದು ಬರೆದುಕೊಂಡ. "ಈ ಮಾಸ್ತರರನ್ನು ಆಚಂದ್ರಾರ್ಕ ತೆಗ್ಗೂರ ಸಾಲಿಯಲ್ಲಿಯೇ ಇರಿಸತಕ್ಕದ್ದು."

ಬರಕೊಂಡರು ಅಂದ ಮೇಲೆ ಮುಗಿಯಿತು. ಅದು ಖರೆಯಾಯಿತು.

ಸಂಜೆ ಮಾಸ್ತರರು ಒಲೆ ಮುಂದೆ ಕೂತಿದ್ದರು. ಸುಭದ್ರಾಬಾಯಿಯ ರೊಟ್ಟಿ ಬಂದಿರಲಿಲ್ಲ. ಮಹಜರಿಗೆ ಸಹಿ ಆದ ಮೇಲೆ ಆಕೆಗೆ ನೆನಪು ಹಾರಿಹೋಗಿರಬೇಕು. ಅಂಗಳದಲ್ಲಿ ಎತ್ತಿನ ಗಂಟೆ ಸದ್ದಾಯಿತು. ಬಾಜೂ ಊರಿನ ದೇವಿಂದ್ರಪ್ಪ ಮಾಸ್ತರ ಬಂಡಿಯಲ್ಲಿ ಹಾಸಿಗೆ, ಟ್ರಂಕು, ನೀರಿನ ಹಂಡೆ ಹೇರಿಕೊಂಡು ನಿಂತಿದ್ದ.

"ಎಲ್ಲಿಗೆ ಹೊಂಟೆಪಾ?"

"ಏನ್ ಹೇಳಲ್ರಿ ಅಣ್ಣಾ, ಬೆಳಿಗ್ಗೆ ಸಾಹೇಬ್ರು ಬಾಳ ಸಿಟ್ಟಾದ್ರು. ನಿನ್ನಂಥವನ್ನ ಹಳ್ಳ್ಯಾಗ ಒಬ್ಬನ್ನೇ ಬಿಡಬಾರದು, ದೊಡ್ಡ ಸಾಲ್ಯಾಗ ಹೆಡ್‌ಮಾಸ್ತರ ಕಣ್ಣ ಮುಂದ ಇಡಬೇಕು ಅಂತ ಆಳಂದಕ್ಕ ವರ್ಗ ಮಾಡಿಬಿಟ್ರು. ಅವರ ಮನಸು ತಿರುಗೋದರಾಗ ಹೋಗಿ ಹಾಜರಾಗ್ತೇನಿ. ಅಲ್ಲಿ ನಿಮ್ಮ ಅತ್ತೀಮನಿ ಬಾಜೂಕ ಒಂದು ಮನಿ ಖಾಲಿ ಅದ ಅಂತಲ್ಲ, ಖರೇನು?"

ಚಂದಪ್ಪ ಮಾಸ್ತರರು ಬಂಡಿಗೆ ಬಿಗಿದ ಹಗ್ಗವನ್ನು ಒಮ್ಮೆ ಜಗ್ಗಿ ನೋಡಿದರು. ಆಮೇಲೆ ಒಳಗೆ ಹೋಗಿ ಪದಕವನ್ನು ಶಾಲಿನಲ್ಲಿ ಸುತ್ತಿ ತಂದು ಅವನ ಕೈಯಲ್ಲಿಟ್ಟರು.

"ಪದಕ ತುಳಜಾಗ ಕೊಡು. ಶಾಲು ಅವರವ್ವಗ. ಅವರು ಯಾವಾಗ ಬರ್ತಾರ ಅಂತ ಕೇಳಿದ್ರ, ಆಚಂದ್ರಾರ್ಕ ಅಂತ ಹೇಳು."

ದೇವಿಂದ್ರಪ್ಪ ತಲೆ ಕೆರೆದುಕೊಂಡ. "ಹಂಗಂದ್ರೇನ್ರಿ ಅಣ್ಣಾ?"

"ಗೊತ್ತಿಲ್ಲೇನು?"

"ಇಲ್ರಿ. ಖರೇನೇ ಗೊತ್ತಿಲ್ಲ."

"ಗೊತ್ತಿಲ್ಲದ್ದಕ್ಕೇ ನೀ ಆಳಂದಕ್ಕ ಹೊಂಟಿದಿ," ಅಂದರು ಮಾಸ್ತರರು.

ಬಂಡಿ ಅಗಸಿ ದಾಟಿ ಹೋಯಿತು. ಮಾಸ್ತರರು ಒಳಗೆ ಬಂದು ಹಿಟ್ಟು ನಾದಿ, ಹಂಚು ಕಾಯಲಿಟ್ಟು, ರೊಟ್ಟಿ ಬಡಿಯಲು ಕೂತರು.